ಎಕ್ಸ್‌ಜೆ6 ಕೊಳ್ಳುವುದೋ, ಡಬ್ಲ್ಯು126 ಕೊಳ್ಳುವುದೋ: ಎರಡನ್ನೂ ತೂಗಿ ನೋಡುವ ಕ್ರಮ

ಒಂದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಜಾಗ್ವಾರ್ ಎಕ್ಸ್‌ಜೆ6 ಸೀರೀಸ್ 3, ಇನ್ನೊಂದು ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ತಯಾರಾದ ಮರ್ಸಿಡಿಸ್ ಎಸ್-ಕ್ಲಾಸ್ ಡಬ್ಲ್ಯು126. ಎರಡೂ ಜನರ ಮುಂದೆ ಬಂದದ್ದು 1979ರಲ್ಲಿ. ಆಗ ಒಂದೇ ಗಿರಾಕಿಗಾಗಿ ಪೈಪೋಟಿ ನಡೆಸಿದವು, ಈಗ ಹಳೆ ಕಾರಿನ ಹುಚ್ಚಿರುವವರ ಪಟ್ಟಿಯಲ್ಲೂ ಒಟ್ಟಿಗೇ ಇರುತ್ತವೆ. ಹೋಲಿಸಲು ಕೂತವರು ಹೆಚ್ಚಾಗಿ ಹಾರ್ಸ್‌ಪವರ್, ಮರದ ಡ್ಯಾಶ್‌ಬೋರ್ಡ್, ಚರ್ಮದ ಸೀಟು ಅಂತ ಶುರು ಮಾಡುತ್ತಾರೆ. ಮೂವತ್ತು ನಲವತ್ತು ವರ್ಷ ಓಡಿದ ಕಾರಿನ ವಿಷಯದಲ್ಲಿ ಆ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ. ಈ ಕಾರು ಎಲ್ಲಿ ಕೆಡುತ್ತದೆ, ಕೆಟ್ಟ ಭಾಗದ ಹತ್ತಿರ ಕೈ ಹೋಗಬೇಕಾದರೆ ಎಷ್ಟು ಬಿಚ್ಚಬೇಕು, ಇವೆರಡನ್ನು ಕೇಳಿಕೊಂಡರೆ ಸಾಕು.

ಜಾಗ್ವಾರ್ ಮೂಲೆ ಸೇರುವುದು ತುಕ್ಕಿನಿಂದ. ಮರ್ಸಿಡಿಸ್ ಮೂಲೆ ಸೇರುವುದು ಯಾರೋ ಮಾಡಿಸದೆ ಮುಂದೂಡಿದ ಸರ್ವಿಸ್‌ನಿಂದ. ಆದ್ದರಿಂದ ಜಾಗ್ವಾರ್ ನೋಡಲು ಹೋದಾಗ ಅರ್ಧಕ್ಕಿಂತ ಹೆಚ್ಚು ಸಮಯ ಕಾರಿನ ಕೆಳಗೆ ಕಳೆಯಬೇಕು. ಮರ್ಸಿಡಿಸ್ ಆದರೆ ಬಿಲ್ಲಿನ ಫೈಲಿನ ಮುಂದೆ.

ಮೊದಲು ಜೋಡಿ ಸರಿ ಮಾಡಿಕೊಳ್ಳಿ

ಎಕ್ಸ್‌ಜೆ6 4.2ರಲ್ಲಿ ಇರುವುದು 4,235 ಸಿಸಿಯ ಆರು ಸಿಲಿಂಡರ್ ಎಕ್ಸ್‌ಕೆ ಇಂಜಿನ್. ಇದನ್ನು 560 ಎಸ್‌ಇಎಲ್‌ನ 5,547 ಸಿಸಿ ವಿ8 ಜೊತೆ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಇದಕ್ಕೆ ಸರಿಜೋಡಿ 280 ಎಸ್‌ಇ, ಅಥವಾ 1985ರ ಬದಲಾವಣೆಯ ನಂತರ ಬಂದ 300 ಎಸ್‌ಇ. ಎರಡೂ ಆರು ಸಿಲಿಂಡರಿನವೇ. ವಿ8 ಮರ್ಸಿಡಿಸ್ ಬೇಕೆಂದರೆ ಅತ್ತ ಕಡೆ 5.3 ಲೀಟರಿನ ವಿ12 ಜಾಗ್ವಾರ್ ಇಡಿ. ಆದರೆ ವಿ12ಕ್ಕೆ ಬಾನೆಟ್ ಕೆಳಗೆ ಕೈ ತೂರಿಸಲೂ ಜಾಗವಿಲ್ಲ. ಮೊದಲ ಹಳೆ ಕಾರಾಗಿ ಅದು ಬೇಡ.

ಜಾಗ್ವಾರಿನಲ್ಲಿ 1983ರ ನಂತರದ್ದನ್ನು ಹುಡುಕಿ. ಮೊದಲ ವರ್ಷಗಳ ಸೀರೀಸ್ 3 ಕಾರುಗಳ ಪೇಂಟಿನ ಗುಣಮಟ್ಟಕ್ಕೆ ಆಗಲೇ ಕೆಟ್ಟ ಹೆಸರಿತ್ತು. 1980ರಲ್ಲಿ ಜಾನ್ ಈಗನ್ ಕಂಪನಿಯ ಚುಕ್ಕಾಣಿ ಹಿಡಿದ ಮೇಲೆ ನಿಧಾನಕ್ಕೆ ಸುಧಾರಿಸಿತು. ಮರ್ಸಿಡಿಸಿನಲ್ಲಿ 1980ರ ದಶಕದ ಆರಂಭದ 380 ಮಾದರಿಗಳ ವಿಷಯದಲ್ಲಿ ಎಚ್ಚರ: ಅವುಗಳಲ್ಲಿ ಒಂಟಿ ಸಾಲಿನ ಟೈಮಿಂಗ್ ಚೈನ್ (ವಾಲ್ವುಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ತಿರುಗಿಸುವ ಸರಪಳಿ) ಬಂದಿತ್ತು, ಅದು ಕಡಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಜೋಡಿ ಸಾಲಿನ ಚೈನಿಗೆ ಬದಲಿಸಿದ ಬಿಲ್ ಇದ್ದರೆ ಮಾತ್ರ ಮುಂದುವರಿಯಿರಿ.

ಅಮೆರಿಕದಲ್ಲಿ ಇರುವವರಿಗೆ ಇನ್ನೆರಡು ಮಾತು. ಅಲ್ಲಿ ಡೀಸೆಲ್ ಡಬ್ಲ್ಯು126ಗಳೂ ಮಾರಾಟವಾದವು. ಐದು ಸಿಲಿಂಡರಿನ 300 ಎಸ್‌ಡಿ ಗಟ್ಟಿ ಇಂಜಿನ್, ಆದರೆ 1990-91ರ 350 ಎಸ್‌ಡಿ, ಎಸ್‌ಡಿಎಲ್‌ಗಳಲ್ಲಿ ಕನೆಕ್ಟಿಂಗ್ ರಾಡ್ ಬಾಗುವ ರೋಗವಿದೆ. ಜಾಗ್ವಾರಿನ ಪೈಕಿ ಮೂಲ ಇಂಜಿನ್ ಕಿತ್ತು ಷೆವ್ರೊಲೆ ವಿ8 ಕೂರಿಸಿದವು ಅಲ್ಲಿ ಕಡಿಮೆಯಿಲ್ಲ. ಬಾನೆಟ್ ಎತ್ತದೆ ಫೋಟೊ ನೋಡಿ ಮುಂಗಡ ಕಳಿಸಬೇಡಿ.

ಕಾಗದಪತ್ರ

ಮರ್ಸಿಡಿಸಿನ ಚಾಸಿಸ್ ನಂಬರಿನಲ್ಲೇ ಮಾದರಿ ಬರೆದಿರುತ್ತದೆ. ಡಬ್ಲ್ಯುಡಿಬಿ ಅಕ್ಷರಗಳ ನಂತರದ ಆರು ಅಂಕಿ ಓದಿ (ಅಮೆರಿಕಕ್ಕೆಂದು ಮಾಡಿದ ಕಾರುಗಳಲ್ಲಿ ಈ ಕ್ರಮ ಬೇರೆ): 126022 ಆದರೆ 280 ಎಸ್‌ಇ, 126024 ಆದರೆ 300 ಎಸ್‌ಇ, 126025 ಆದರೆ ಉದ್ದದ 300 ಎಸ್‌ಇಎಲ್, 126035 ಆದರೆ 420 ಎಸ್‌ಇಎಲ್, 126039 ಆದರೆ 560 ಎಸ್‌ಇಎಲ್. ಡಿಕ್ಕಿಯ ಮೇಲಿನ ಬ್ಯಾಡ್ಜ್ ಯಾರು ಬೇಕಾದರೂ ಅಂಟಿಸಬಹುದು, ಈ ಅಂಕಿ ಬದಲಾಗುವುದಿಲ್ಲ. ಇಂಜಿನ್ ನಂಬರು 300ಕ್ಕೆ 103ರಿಂದ, 500 ಮತ್ತು 560ಕ್ಕೆ 117ರಿಂದ ಶುರುವಾಗಬೇಕು. ಕಾರ್ಖಾನೆಯಿಂದ ಹೊರಬಂದಾಗ ಯಾವ ಬಣ್ಣ, ಯಾವ ಸೌಲಭ್ಯ ಇತ್ತೆಂಬುದು ಡೇಟಾ ಕಾರ್ಡಿನಲ್ಲಿ ಸಿಗುತ್ತದೆ. ಜಾಗ್ವಾರಿಗೆ ಇದೇ ಮಾಹಿತಿಯ ಪ್ರಮಾಣಪತ್ರವನ್ನು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುತ್ತದೆ.

ಡಬ್ಲ್ಯು126ರ ಓಡೋಮೀಟರಿನ ಒಳಗಿನ ಪುಟ್ಟ ಗೇರು ಜಾರಿ ಕಿಲೋಮೀಟರ್ ಓಡುವುದೇ ನಿಂತುಹೋಗಿರುತ್ತದೆ. ಮೀಟರ್ ತೋರಿಸುವ ಲೆಕ್ಕವನ್ನು ಬಿಲ್ಲುಗಳಲ್ಲಿ ಬರೆದ ಲೆಕ್ಕದ ಜೊತೆ ತಾಳೆ ನೋಡಿ. ಬಿಲ್ಲುಗಳ ಫೈಲಿನಲ್ಲಿ ಹುಡುಕಬೇಕಾದ್ದು ಆಯಿಲ್ ಚೇಂಜ್ ಅಲ್ಲ, ಅದನ್ನು ಎಲ್ಲರೂ ಮಾಡಿಸಿರುತ್ತಾರೆ. ವಿ8 ಆದರೆ ಟೈಮಿಂಗ್ ಚೈನ್ ಮತ್ತು ಗೈಡ್ ರೈಲ್, ಆರು ಸಿಲಿಂಡರ್ ಆದರೆ ಹೆಡ್ ಗ್ಯಾಸ್ಕೆಟ್ ಮತ್ತು ವಾಲ್ವ್ ಸೀಲ್, ಎರಡಕ್ಕೂ ಗೇರ್‌ಬಾಕ್ಸ್ ಆಯಿಲ್ ಮತ್ತು ಫಿಲ್ಟರ್: ಇವುಗಳ ಬಿಲ್ ಬೇಕು.

ಕಾರು ಬ್ರಿಟನ್ನಿನಲ್ಲಿದ್ದರೆ ಎಂಒಟಿ ಎಂಬ ವಾರ್ಷಿಕ ತಪಾಸಣೆಯ ಹಳೆಯ ವರದಿಗಳು ಸರಕಾರಿ ಜಾಲತಾಣದಲ್ಲಿ ನಂಬರ್ ಪ್ಲೇಟ್ ಹಾಕಿದರೆ ಪುಕ್ಕಟೆ ಸಿಗುತ್ತವೆ. ಪಾಸೋ ಫೇಲೋ ಎನ್ನುವುದಕ್ಕಿಂತ ಇನ್‌ಸ್ಪೆಕ್ಟರ್ ಬರೆದ ಸಲಹೆಗಳನ್ನು ಓದಿ. ಮೂರು ವರ್ಷ ಸತತವಾಗಿ ಸಿಲ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ತಗಡಿನ ತೊಲೆ) ತುಕ್ಕು ಎಂದು ಬರೆದು, ನಾಲ್ಕನೇ ವರ್ಷ ಅದು ಮಾಯವಾಗಿದ್ದರೆ, ಆ ಮಧ್ಯೆ ವೆಲ್ಡಿಂಗ್ ಆಯಿತೋ ಬರೀ ಕಪ್ಪು ಅಂಡರ್‌ಕೋಟ್ ಬಳಿದರೋ ಕೇಳಬೇಕು. ಒಂದು ಸೂಕ್ಷ್ಮ: ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರಿಗೆ ಅಲ್ಲಿ ಎಂಒಟಿ ಕಡ್ಡಾಯವಲ್ಲ. ಹಾಗಾಗಿ ಇತ್ತೀಚಿನ ವರದಿಯೇ ಇಲ್ಲದಿರಬಹುದು. ಕಾನೂನು ಬಿಟ್ಟರೂ ನೀವು ಬಿಡಬೇಡಿ, ಮಾರುವವರಿಗೆ ಹೊಸದಾಗಿ ಒಂದು ಮಾಡಿಸಲು ಹೇಳಿ. ಜರ್ಮನಿಯಲ್ಲಿ ಮೂವತ್ತು ವರ್ಷದ ಮೇಲೆ ಸಿಗುವ, ಹಳೆ ಕಾರಿನ ಗುರುತಾದ ಎಚ್ ನಂಬರ್ ಪ್ಲೇಟಿಗೆ ಪರಿಶೀಲನಾ ವರದಿ ಆಗಿರಲೇಬೇಕು. ಅದರ ಪ್ರತಿ ಕೇಳಿ ತೆಗೆದುಕೊಳ್ಳಿ.

ಭಾರತದಲ್ಲಿ ಈಗಾಗಲೇ ಇರುವ ಕಾರು ಕೊಳ್ಳುವಾಗ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಮತ್ತು ಆರ್‌ಸಿ ಎರಡರಲ್ಲೂ ಇರುವ ಚಾಸಿಸ್ ನಂಬರು ಕಾರಿನ ಮೇಲೆ ಕೆತ್ತಿದ್ದಕ್ಕೆ ಹೊಂದಬೇಕು. ಮರ್ಸಿಡಿಸ್ ಪುಣೆಯಲ್ಲಿ ಜೋಡಣೆ ಶುರು ಮಾಡಿದ್ದು 1995ರಲ್ಲಿ, ಅದೂ ಡಬ್ಲ್ಯು124 ಮಾದರಿಯಿಂದ. ಆದ್ದರಿಂದ ಇಲ್ಲಿನ ಪ್ರತಿಯೊಂದು ಡಬ್ಲ್ಯು126 ಕೂಡ ಹೊರಗಿಂದ ಬಂದದ್ದೇ, ಕಸ್ಟಮ್ಸ್ ಕಾಗದವಿಲ್ಲದೆ ಬಂದಿರಲು ಸಾಧ್ಯವಿಲ್ಲ. ಬೇರೆ ರಾಜ್ಯದ ನೋಂದಣಿ ಇದ್ದರೆ ಎನ್‌ಒಸಿ ಮತ್ತು ಕರ್ನಾಟಕದ ರಸ್ತೆ ತೆರಿಗೆಯ ಮಾತನ್ನು ಬೆಲೆ ಮಾತಾಡುವ ಮೊದಲೇ ಮುಗಿಸಿ.

ಕೈಯಲ್ಲಿ ಏನೇನಿರಬೇಕು

ಟಾರ್ಚ್, ಹಿಡಿಯಿರುವ ಸಣ್ಣ ಕನ್ನಡಿ, ಬಟ್ಟೆ ಸುತ್ತಿದ ಮ್ಯಾಗ್ನೆಟ್, ಮಲ್ಟಿಮೀಟರ್, ಇನ್‌ಫ್ರಾರೆಡ್ ಥರ್ಮಾಮೀಟರ್, ಕಂಪ್ರೆಷನ್ ಗೇಜ್, ಗಾಡಿ ಕೆಳಗೆ ಹಾಸಲು ದೊಡ್ಡ ರಟ್ಟು. ಕೂಲೆಂಟಿನಲ್ಲಿ ಇಂಜಿನ್ನಿನ ಗ್ಯಾಸ್ ಸೇರಿದೆಯೇ ಎಂದು ಹೇಳುವ, ನೀಲಿಯಿಂದ ಹಳದಿಗೆ ತಿರುಗುವ ದ್ರಾವಣದ ಕಿಟ್ ಒಂದು ಇದ್ದರೆ ಒಳ್ಳೆಯದು. ಸಾಧ್ಯವಾದರೆ ಕಾರನ್ನು ಲಿಫ್ಟ್ ಇರುವ ಗ್ಯಾರೇಜಿಗೇ ತರಿಸಿ. ಬರೀ ಜಾಕ್ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ನುಗ್ಗಬೇಡಿ, ಎಕ್ಸ್‌ಜೆ6 ತೂಗುವುದು 1,800 ಕಿಲೋ ಆಸುಪಾಸು.

ಜಾಗ್ವಾರಿನ ತಗಡು

ಕಾರಿನ ಸುತ್ತ ಒಂದು ಸುತ್ತು ಹಾಕಿ ಬಾಗಿಲುಗಳ ಸಂದು ನೋಡಿ. ಹಿಂದಿನ ಬಾಗಿಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಸಿಲ್‌ನ ಬಲ ಹೋಗಿದೆ, ಅಥವಾ ಬಾಡಿಗೆ ಆಸರೆ ಕೊಡದೆ ಯಾರೋ ವೆಲ್ಡಿಂಗ್ ಮಾಡಿದ್ದಾರೆ. ಬಾಗಿಲು ತೆರೆದು ಸಿಲ್ ಉದ್ದಕ್ಕೂ ಮ್ಯಾಗ್ನೆಟ್ ಎಳೆಯಿರಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಪುಟ್ಟಿ.

ಮುಂದಿನ ಮತ್ತು ಹಿಂದಿನ ಗಾಜಿನ ಕೆಳಮೂಲೆಗಳು ಸೀರೀಸ್ 3ರ ಪ್ರಸಿದ್ಧ ಹುಣ್ಣು. ಬೀಡಿಂಗಿನ ಅಂಚಿನಲ್ಲಿ ಪೇಂಟ್ ಉಬ್ಬಿದ್ದು ಒಂದು ಬೆರಳಿನಷ್ಟಿದ್ದರೆ ಒಳಗೆ ಅಂಗೈಯಷ್ಟಿರುತ್ತದೆ. ಇದನ್ನು ಸರಿ ಮಾಡಲು ಗಾಜು ತೆಗೆಯಬೇಕು, ತಗಡು ಕತ್ತರಿಸಬೇಕು, ಆ ಭಾಗಕ್ಕೆ ಪೇಂಟ್ ಹೊಡೆಯಬೇಕು. ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ಕೈಯಿಂದ ಒತ್ತಿ ನೋಡಿ. ಒದ್ದೆಯಿದ್ದರೆ ನೀರಿನ ದಾರಿ ಅಲ್ಲಿಂದಲೇ ಇರಬಹುದು.

ಮುಂದೆ ರೇಡಿಯೇಟರ್ ಕೆಳಗಿನ ಅಡ್ಡ ತಗಡು ನೀರು, ಎಲೆ, ಮಣ್ಣು ಹಿಡಿದಿಟ್ಟುಕೊಂಡು ಕೊಳೆಯುತ್ತದೆ. ಹೆಡ್‌ಲೈಟ್ ಹಿಂಭಾಗದ ಫೆಂಡರ್ ಒಳಮೈಯನ್ನೂ ನೋಡಿ. ಆದರೆ ಮುಂದಿನ ಫೆಂಡರ್ ಬೋಲ್ಟಿನಿಂದ ಕೂರಿಸಿದ್ದು, ಬಿಚ್ಚಿ ಬದಲಿಸಬಹುದು, ಅದಕ್ಕೆ ಹೆದರಬೇಕಿಲ್ಲ.

ಹೆದರಬೇಕಾದ್ದು ಹಿಂಚಕ್ರದ ಮುಂದೆ, ಸಿಲ್ ಮುಗಿಯುವ ಕಡೆ. ಹಿಂದಿನ ಸಸ್ಪೆನ್ಷನ್ನಿನ ರೇಡಿಯಸ್ ಆರ್ಮ್ ಎಂಬ ತೋಳು ಬಾಡಿಗೆ ಸೇರುವುದು ಅಲ್ಲೇ. ರಸ್ತೆಯ ನೀರು ನೇರವಾಗಿ ಅಲ್ಲಿಗೆ ಬಡಿಯುತ್ತದೆ. ಆ ಬಟ್ಟಲಿನಂಥ ಭಾಗದ ಸುತ್ತ ತಗಡು ಪದರ ಪದರವಾಗಿ ಎದ್ದಿದ್ದರೆ, ಟಾರ್ಚ್ ಬಿಟ್ಟು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಅನ್ನುತ್ತದೆ. ಎರಡೂ ಬದಿ ಮಂಕಾದ ಸದ್ದು ಬಂದರೆ ಆ ಕಾರಿನ ಮಾತು ಅಲ್ಲಿಗೇ ಮುಗಿಸಿ, ಚರ್ಮದ ಸೀಟಿನ ವಾಸನೆಗೆ ಮರುಳಾಗಬೇಡಿ.

ಪೆಟ್ರೋಲ್ ಟ್ಯಾಂಕ್ ಎರಡಿವೆ, ಹಿಂದಿನ ಎಡಬಲ ಫೆಂಡರಿನ ಒಳಗೆ ಒಂದೊಂದು. ಮುಚ್ಚಳದ ಸುತ್ತ ಬಿದ್ದ ಮಳೆನೀರು ಹೊರಹೋಗಲು ಸಣ್ಣ ಕೊಳವೆ ಇರುತ್ತದೆ. ಅದು ಕಟ್ಟಿಕೊಂಡರೆ ನೀರು ಟ್ಯಾಂಕಿಗೂ ಇಳಿಯುತ್ತದೆ, ಫೆಂಡರಿಗೂ ಇಳಿಯುತ್ತದೆ. ಮುಚ್ಚಳ ತೆರೆದು ಒಂದು ಲೋಟ ನೀರು ಆ ಅಂಚಿಗೆ ಹಾಕಿ, ಅದು ನೆಲಕ್ಕೆ ಸುರಿಯಬೇಕು. ಮುಚ್ಚಳದ ಒಳಗೆ ಹೋಗದಂತೆ ಬಟ್ಟೆ ಒತ್ತಿರಲಿ. ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿ ಎರಡೂ ಟ್ಯಾಂಕಿನಿಂದ ಇಂಜಿನ್ ಓಡಿಸಿ ನೋಡಿ. ವಾಪಸ್ ಬರುವ ಪೆಟ್ರೋಲನ್ನು ಸರಿಯಾದ ಟ್ಯಾಂಕಿಗೆ ಕಳಿಸುವ ವಾಲ್ವ್ ಕೈಕೊಟ್ಟರೆ ಒಂದು ಟ್ಯಾಂಕ್ ಖಾಲಿಯಾಗುತ್ತ ಇನ್ನೊಂದು ತುಂಬಿ ಹೊರಚೆಲ್ಲುತ್ತದೆ. ಮಾರುವವರು "ನಾನು ಯಾವಾಗಲೂ ಒಂದೇ ಟ್ಯಾಂಕ್ ಬಳಸುತ್ತೇನೆ" ಅಂದರೆ ಇನ್ನೊಂದು ತೂತಾಗಿದೆ ಎಂದೇ ಹಿಡಿಯಿರಿ.

ಮರ್ಸಿಡಿಸಿನ ತಗಡು

ಇಲ್ಲಿ ತುಕ್ಕು ಇಲ್ಲವೆಂದಲ್ಲ, ಅಡಗಿ ಕೂತಿರುತ್ತದೆ. ಈ ಕಾರುಗಳ ಬಾಗಿಲ ಕೆಳಭಾಗಕ್ಕೆ ಪ್ಲಾಸ್ಟಿಕ್ ಹಲಗೆ ಮುಚ್ಚಿದೆ. ವಿನ್ಯಾಸದ ಮುಖ್ಯಸ್ಥ ಬ್ರೂನೊ ಸಾಕೋ ಹೆಸರಿನಲ್ಲಿ ಅದಕ್ಕೆ ಸಾಕೋ ಹಲಗೆ ಎಂಬ ಅಡ್ಡಹೆಸರೂ ಬಿದ್ದಿದೆ. ಜಾಕ್ ಕೊಡುವ ನಾಲ್ಕು ಜಾಗದ ಮುಚ್ಚಳಗಳನ್ನು ಕೈಯಿಂದ ತೆಗೆದು ಒಳಗೆ ಟಾರ್ಚ್ ಹಾಕಿ. ನಾಲ್ಕೂ ಒಣಗಿ, ಮೇಣದ ಲೇಪ ಕಾಣಿಸುತ್ತಿದ್ದರೆ ಹಲಗೆಯ ಹಿಂದೆಯೂ ಹೆಚ್ಚೇನೂ ಆಗಿರಲಾರದು.

ಹಿಂದಿನ ಗಾಜಿನ ಕೆಳಮೂಲೆ ಇಲ್ಲೂ ದುರ್ಬಲ. ಡಿಕ್ಕಿಯ ಕಾರ್ಪೆಟ್ ಎತ್ತಿ ಎರಡೂ ಬದಿಯ ತಗ್ಗು ನೋಡಿ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಡ್ರೈನ್ ಕೊಳವೆಗಳಿಗೆ ನೀರು ಹಾಕಿ ಚಕ್ರದ ಬಳಿ ಇಳಿಯುತ್ತದೆಯೇ ಪರೀಕ್ಷಿಸಿ. ಬ್ಯಾಟರಿ ತಟ್ಟೆ, ಮುಂದಿನ ಚಕ್ರದ ಹಿಂಭಾಗ, ಸಬ್‌ಫ್ರೇಮ್ ಬಾಡಿಗೆ ಸೇರುವ ಕಡೆ, ಇಷ್ಟು ನೋಡಿದರೆ ಸಾಕು. 1990ರ ದಶಕದ ಆರಂಭದ ಮರ್ಸಿಡಿಸ್‌ಗಳಲ್ಲಿ ಇಂಜಿನ್ ವೈರಿಂಗಿನ ಹೊದಿಕೆ ಪುಡಿಯಾಗುವ ಕುಖ್ಯಾತ ತೊಂದರೆ 1991ಕ್ಕೆ ಮುಗಿದ ಈ ಮಾದರಿಯನ್ನು ಮುಟ್ಟಿಲ್ಲ.

ಇಂಜಿನ್ ತಣ್ಣಗಿರುವಾಗಲೇ ಹೋಗಿ

ನೀವು ತಲುಪುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ.

ಮರ್ಸಿಡಿಸ್ 300ರಲ್ಲಿ ಸ್ಟಾರ್ಟ್ ಆದ ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿವೆ. ಹೆಡ್ ಬಿಚ್ಚದೆ ಬದಲಿಸಬಹುದು, ದೊಡ್ಡ ಮಾತಲ್ಲ. ಇಂಜಿನ್ನಿನ ಬಲ ಹಿಂಮೂಲೆಯಲ್ಲಿ ಆಯಿಲ್ ಜಿನುಗಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಾಲ ಬಂದಿದೆ ಎಂದರ್ಥ. ವಿ8 ಆದರೆ ಮುಂಭಾಗಕ್ಕೆ ಕಿವಿಗೊಡಿ. ಕಿರ್ ಎಂಬ ಸದ್ದು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಉಳಿದರೆ ಚೈನ್ ಸಡಿಲ. ಚೈನ್ ಓಡುವ ದಾರಿಯ ಪ್ಲಾಸ್ಟಿಕ್ ಗೈಡ್‌ಗಳು ಬಿಸಿಗೆ ಬೆಂದು ಬಿಸ್ಕೆಟ್ಟಿನಂತಾಗುತ್ತವೆ. ಒಂದು ತುಂಡು ಮುರಿದು ಚೈನಿನಡಿ ಸಿಕ್ಕಿದರೆ ಚೈನ್ ಹಲ್ಲು ಹಾರುತ್ತದೆ, ವಾಲ್ವುಗಳು ಬಾಗುತ್ತವೆ. ಸುಮಾರು 1.6 ಲಕ್ಷ ಕಿ.ಮೀ.ಗೆ ಚೈನು, ಗೈಡು, ಟೆನ್ಷನರು ಮೂರನ್ನೂ ಒಟ್ಟಿಗೆ ಬದಲಿಸುವುದು ವಾಡಿಕೆ. ವಾಲ್ವ್ ಕವರ್ ತೆಗೆದಾಗ ಕ್ಯಾಮ್‌ಶಾಫ್ಟಿಗೆ ಆಯಿಲ್ ಸುರಿಸುವ ಕೊಳವೆಯ ಪುಟ್ಟ ಪ್ಲಾಸ್ಟಿಕ್ ಜೋಡಣೆಗಳನ್ನೂ ಹೊಸದು ಹಾಕಬೇಕು. ಅವು ಸಡಿಲವಾದರೆ ಆಯಿಲ್ ತಲುಪದೆ ಕ್ಯಾಮ್ ಸವೆಯುತ್ತದೆ. ಹೊಸ ಚೈನನ್ನು ಹಳೆಯದರ ಬಾಲಕ್ಕೆ ಪೋಣಿಸಿ ಇಂಜಿನ್ ತಿರುಗಿಸುತ್ತ ಒಳಗೆಳೆಯುವ ವಿಧಾನ ಇದೆ, ಇಂಜಿನ್ ಇಳಿಸಬೇಕಿಲ್ಲ.

ಜಾಗ್ವಾರಿನಲ್ಲಿ ಇದೇ ಕೆಲಸ ಬೇರೆಯೇ ಕಥೆ. ಎಕ್ಸ್‌ಕೆ ಇಂಜಿನ್ನಿಗೆ ಎರಡು ಚೈನ್. ಮೇಲಿನದನ್ನು ಹೆಡ್ಡಿನ ಮುಂಭಾಗದಿಂದ ವಿಶೇಷ ಟೂಲ್ ಹಾಕಿ ಬಿಗಿ ಮಾಡಬಹುದು. ಕೆಳಗಿನದು ಸದ್ದು ಮಾಡುತ್ತಿದ್ದರೆ ಹೆಡ್ಡೂ ಸಂಪೂ (ಇಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ) ತೆಗೆಯದೆ ಟೈಮಿಂಗ್ ಕವರ್ ಬಿಚ್ಚಲಾಗದು. ಹಾಗಾಗಿ ಕೆಳಭಾಗದ ಗರಗರ ಸದ್ದಿಗೆ ಬೆಲೆಯಲ್ಲಿ ದೊಡ್ಡ ಕಡಿತ ಕೇಳಿ. ಟ್ಯಾಪೆಟ್ಟಿನ ಸಣ್ಣ ಟಕಟಕ ಇದ್ದರೆ ಚಿಂತೆ ಬೇಡ. ಈ ಇಂಜಿನ್ನಿನ ಟ್ಯಾಪೆಟ್ ಸಂದು 0.012ರಿಂದ 0.014 ಇಂಚು, ಅದನ್ನು ಶಿಮ್ ಬದಲಿಸಿ ಹೊಂದಿಸುತ್ತಾರೆ. ತೀರಾ ನಿಶ್ಶಬ್ದ ಟ್ಯಾಪೆಟ್ಟೇ ಅನುಮಾನದ್ದು: ಸಂದು ಮುಚ್ಚಿಹೋಗಿ ವಾಲ್ವ್ ಸುಡುತ್ತಿರಬಹುದು.

4.2ರ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಹೆಡ್ ಹಿಡಿದಿಡುವ ಉದ್ದನೆಯ ಸ್ಟಡ್‌ಗಳು ಕೂಲೆಂಟಿನ ನಡುವೆಯೇ ಹಾದುಹೋಗುತ್ತವೆ. ವರ್ಷಗಟ್ಟಲೆ ಬರೀ ನೀರು ಹಾಕಿ ಓಡಿಸಿದ್ದರೆ ಅವು ತುಕ್ಕು ತಿಂದು ಕಡಿಯುತ್ತವೆ, ಹೆಡ್ ಮೇಲೇಳುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಕೂಲೆಂಟ್ ಕಂದು ಕೆಸರಿನಂತಿದ್ದರೆ ಮುಂದಿನ ಬೇಸಿಗೆಗೆ ಹೆಡ್ ಕೆಲಸ ಕಾದಿದೆ. ನೀಲಿ ದ್ರಾವಣದ ಪರೀಕ್ಷೆ ಈ ಕಾರಿಗೆ ತಪ್ಪಿಸಲೇಬೇಡಿ.

ಎರಡೂ ಕಾರಿನ ಕಂಪ್ರೆಷನ್ ಅಳೆಯಿರಿ. ಸಿಲಿಂಡರುಗಳ ನಡುವೆ ಹತ್ತು ಶೇಕಡಾ ವ್ಯತ್ಯಾಸದವರೆಗೆ ಒಪ್ಪಬಹುದು. ಅಳೆಯುವಾಗ ಪ್ಲಗ್ ವೈರ್ ಕಳಚುತ್ತೀರಿ, ಅಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಎರಡೂ ಆರು ಸಿಲಿಂಡರ್ ಇಂಜಿನ್ನಿನ ಫೈರಿಂಗ್ ಆರ್ಡರ್ 1-5-3-6-2-4 ಒಂದೇ. ಆದರೆ ಮರ್ಸಿಡಿಸಿನಲ್ಲಿ ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದು. ಜಾಗ್ವಾರಿನಲ್ಲಿ ಒಂದನೇದು ಹಿಂದುಗಡೆ, ಗೇರ್‌ಬಾಕ್ಸ್ ಕಡೆಯದು! ಹೊಸ ಮೆಕ್ಯಾನಿಕ್ ಮುಂದಿನಿಂದ ಎಣಿಸಿ ವೈರ್ ಹಾಕಿ, ಸ್ಟಾರ್ಟೇ ಆಗದೆ ಅರ್ಧ ದಿನ ಕಳೆಯುವುದುಂಟು. ಬಿಚ್ಚುವ ಮೊದಲು ವೈರಿಗೆ ಟೇಪ್ ಸುತ್ತಿ ನಂಬರ್ ಬರೆಯಿರಿ.

ಆಯಿಲ್ ಪ್ರೆಷರ್ ಮೀಟರನ್ನು ಎರಡು ಕಾರಿನಲ್ಲೂ ಬೇರೆ ಬೇರೆ ರೀತಿ ಓದಬೇಕು. ಮರ್ಸಿಡಿಸಿನ ಮುಳ್ಳು 3 ಬಾರ್‌ವರೆಗೆ ಮಾತ್ರ ತೋರಿಸುತ್ತದೆ. ಇಂಜಿನ್ ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ಇಳಿಯಬಹುದು, ಆದರೆ ಆಕ್ಸಿಲರೇಟರ್ ಮುಟ್ಟಿದೊಡನೆ 3ಕ್ಕೆ ಹಾರಬೇಕು. ಜಾಗ್ವಾರಿನಲ್ಲಿ ಬಿಸಿ ಇಂಜಿನ್ 3,000 ಆರ್‌ಪಿಎಂನಲ್ಲಿ 40 ಪಿಎಸ್‌ಐ ಕೊಡಬೇಕು. ಆದರೆ ಅದರ ಸೆಂಡರ್ ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ಕಡಿಮೆ ತೋರಿಸಿದರೆ ಮೆಕ್ಯಾನಿಕಲ್ ಗೇಜ್ ಸಿಕ್ಕಿಸಿ ನೋಡಿದ ಮೇಲೆಯೇ ಇಂಜಿನ್ ಸವೆದಿದೆ ಎಂದು ತೀರ್ಮಾನಿಸಿ.

ಜಾಗ್ವಾರಿನ ಹಿಂಬದಿ

ಹಿಂದಿನ ಡಿಸ್ಕ್ ಬ್ರೇಕುಗಳು ಚಕ್ರದಲ್ಲಿಲ್ಲ, ಒಳಗೆ, ಎರಡು ಹಿಂಚಕ್ರಗಳಿಗೂ ಬಲ ಹಂಚುವ ಡಿಫರೆನ್ಷಿಯಲ್ ಪಕ್ಕಕ್ಕಿವೆ. ಚಕ್ರದ ಭಾರ ಇಳಿಸಿ ಸವಾರಿ ಮೃದು ಮಾಡಲು ಮಾಡಿದ ಏರ್ಪಾಡು. ಇದರಿಂದ ಬ್ರೇಕಿನ ಬಿಸಿ ನೇರವಾಗಿ ಡಿಫರೆನ್ಷಿಯಲ್ಲಿನ ಆಯಿಲ್ ಸೀಲಿಗೆ ತಟ್ಟುತ್ತದೆ, ಸೀಲ್ ಸುಟ್ಟು ಆಯಿಲ್ ಡಿಸ್ಕಿನ ಮೇಲೆ ಬೀಳುತ್ತದೆ. ಕನ್ನಡಿ ಹಿಡಿದು ಡಿಸ್ಕಿನ ಒಳಮೈ ನೋಡಿ. ಎಣ್ಣೆ ಮೆತ್ತಿದ್ದರೆ, ಅಥವಾ ಡಿಸ್ಕ್ ಅಂಚು ಚೂಪಾಗಿ ಸವೆದಿದ್ದರೆ, ಹಿಂದಿನ ಸಸ್ಪೆನ್ಷನ್ ಇಡೀ ತೊಟ್ಟಿಲನ್ನೇ ಕೆಳಗಿಳಿಸಬೇಕು. ಇಳಿಸಿದ ಮೇಲೆ ಸೀಲ್, ಡಿಸ್ಕ್, ಕ್ಯಾಲಿಪರ್, ಹ್ಯಾಂಡ್‌ಬ್ರೇಕ್ ಪ್ಯಾಡ್, ರಬ್ಬರ್ ಮೌಂಟ್ ಎಲ್ಲವನ್ನೂ ಒಂದೇ ಸಲ ಮುಗಿಸುವುದೇ ಜಾಣತನ. ಯಾವ ಮಾಲೀಕರೂ ಸುಮ್ಮನೆ ಇದನ್ನು ಮಾಡಿಸುವುದಿಲ್ಲ. ಮಾಡಿಸಿದ ಬಿಲ್ ಇದ್ದರೆ ಆ ಕಾರಿಗೆ ಹೆಚ್ಚು ಕೊಡಬಹುದು.

ಇಲ್ಲಿ ಡ್ರೈವ್‌ಶಾಫ್ಟೇ ಸಸ್ಪೆನ್ಷನ್ನಿನ ಮೇಲಿನ ತೋಳಾಗಿಯೂ ಕೆಲಸ ಮಾಡುತ್ತದೆ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಕಟಕ್ ಅಂದರೆ ಯು ಜಾಯಿಂಟ್ ಸವೆದಿದೆ, ಚಕ್ರದ ಓರೆಯೂ ತಪ್ಪಿದೆ. ಗ್ರೀಸ್ ನಿಪ್ಪಲುಗಳ ಮೇಲೆ ಹೊಸ ಗ್ರೀಸ್ ಕಾಣಿಸುತ್ತದೆಯೇ ನೋಡಿ, ಕಾರನ್ನು ಹೇಗೆ ಸಾಕಿದ್ದಾರೆಂದು ಅದೇ ಹೇಳುತ್ತದೆ.

ಮರ್ಸಿಡಿಸಿನಲ್ಲಿ ಇಂಥ ಗೋಜಿಲ್ಲ. ಒಂದೇ ಎಚ್ಚರ: ಹಿಂದೆ ಆಯಿಲ್-ಗ್ಯಾಸ್ ಸೇರಿದ ಸೆಲ್ಫ್ ಲೆವೆಲಿಂಗ್ ಇದ್ದರೆ ಇಂಜಿನ್ ಓಡುತ್ತಿರುವಾಗ ಡಿಕ್ಕಿ ಮೇಲೆ ಕೂತು ಒತ್ತಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಗ್ಯಾಸ್ ತುಂಬಿದ ಗುಂಡುಗಳು ಸತ್ತಿವೆ.

ಒಂದೇ ರಸ್ತೆ, ಒಂದೇ ದಿನ

ಎರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ, ಕನಿಷ್ಠ ಅರ್ಧ ಗಂಟೆ ಓಡಿಸಿ. ಟ್ರಾಫಿಕ್ ಸ್ವಲ್ಪ, ಕೆಟ್ಟ ರಸ್ತೆ ಸ್ವಲ್ಪ, ಹೈವೇ ಸ್ವಲ್ಪ ಇರಲಿ. ವಾರದ ಅಂತರದಲ್ಲಿ ಓಡಿಸಿದರೆ ಮೊದಲನೆಯದರ ಸದ್ದು ಮರೆತುಹೋಗಿರುತ್ತದೆ.

ಜಾಗ್ವಾರಿನ ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗುತ್ತದೆ. ಅದು ದೋಷವಲ್ಲ, ಹಾಗೆಯೇ ಮಾಡಿದ್ದು. ಮರ್ಸಿಡಿಸಿನ ಸ್ಟೇರಿಂಗಿನಲ್ಲಿ ನಡುವೆ ಸ್ವಲ್ಪ ಪ್ಲೇ ಇರುವುದೂ ಸಹಜ. ಎರಡು ಬೆರಳಗಲ ದಾಟಿದರೆ ಐಡ್ಲರ್ ಆರ್ಮ್ ಬುಷ್, ಸ್ಟೇರಿಂಗ್ ಕಪ್ಲಿಂಗ್ ನೋಡಿ, ಎರಡೂ ಅಗ್ಗದ ಕೆಲಸ. ಮರ್ಸಿಡಿಸಿನ ಗೇರ್ ಒದ್ದಂತೆ ಬಿದ್ದರೆ ಗೇರ್‌ಬಾಕ್ಸ್ ಹಾಳಾಗಿದೆ ಎಂದು ಗಾಬರಿಯಾಗಬೇಡಿ. ಅದು ವ್ಯಾಕ್ಯೂಮ್ ಆಧಾರದ ಮೇಲೆ ಗೇರ್ ಬದಲಿಸುತ್ತದೆ, ಎಲ್ಲೋ ಒಂದು ರಬ್ಬರ್ ಕೊಳವೆ ಸೀಳಿದ್ದರೂ ಹೀಗಾಗುತ್ತದೆ. ಗೇರ್ ಬದಲಾಗುವಾಗ ಇಂಜಿನ್ ಸುಮ್ಮನೆ ಹೂಂಕರಿಸಿ ಆಮೇಲೆ ಹಿಡಿದರೆ ಮಾತ್ರ ಒಳಗಿನ ಪ್ಲೇಟುಗಳ ಸಂಶಯ. ಎಬಿಎಸ್ ದೀಪ ಉರಿದು ಐಡಲಿಂಗ್ ಕೂಡ ನಡುಗುತ್ತಿದ್ದರೆ ಮೊದಲು ಓವಿಪಿ ರಿಲೇ (ಹೆಚ್ಚಿನ ವೋಲ್ಟೇಜ್ ತಡೆಯುವ ಪೆಟ್ಟಿಗೆ) ಬದಲಿಸಿ ನೋಡಿ, ಅದರ ನೆತ್ತಿಯಲ್ಲೇ ಫ್ಯೂಸ್ ಇರುತ್ತದೆ.

ವಾಪಸ್ ಬಂದು ಇಂಜಿನ್ ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಎಷ್ಟು ಹೊತ್ತು ಕ್ರ್ಯಾಂಕ್ ಹೊಡೆಯಬೇಕು ಎನ್ನುವುದು ಇಲ್ಲಿ ತಿಳಿಯುತ್ತದೆ. ಮರ್ಸಿಡಿಸ್ ತಡ ಮಾಡಿದರೆ ಫ್ಯುಯೆಲ್ ಅಕ್ಯುಮುಲೇಟರ್ ಅಥವಾ ಪಂಪಿನ ಚೆಕ್ ವಾಲ್ವ್ ಒತ್ತಡ ಹಿಡಿಯುತ್ತಿಲ್ಲ. ನಿಂತ ಕಾರಿನ ಕೆಳಗೆ ರಟ್ಟು ಹಾಸಿಡಿ. ಜಾಗ್ವಾರಿನ ಹಿಂದಿನ ಕ್ರ್ಯಾಂಕ್ ಸೀಲಿನಿಂದ ನಾಲ್ಕು ಹನಿ ಬಿದ್ದರೆ ಮನ್ನಿಸಿ, ಅದು ಹಗ್ಗದಂಥ ಹಳೆಯ ಸೀಲ್. ಮರ್ಸಿಡಿಸ್ ಅಷ್ಟು ಸೋರಿದರೆ ಕಾರಣ ಕೇಳಿ.

ಮರ್ಸಿಡಿಸಿನ ಬಾಗಿಲುಗಳನ್ನು ಕೀಲಿಯಿಂದ ಹಾಕಿ. ಸೆಂಟ್ರಲ್ ಲಾಕ್ ಪಂಪಿನ ಸದ್ದು ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ಓಡುತ್ತಲೇ ಇದ್ದರೆ ಒಂದು ಬಾಗಿಲಲ್ಲಿ ಗಾಳಿ ಸೋರುತ್ತಿದೆ. ಎಸಿಯ ಎಲ್ಲ ಬಟನ್ ಒತ್ತಿ ನೋಡಿ, ಡ್ಯಾಶ್‌ಬೋರ್ಡ್ ಹಿಂದಿನ ಕೆಲಸ ಎರಡೂ ಕಾರಿನಲ್ಲಿ ದುಬಾರಿ.

ಲೆಕ್ಕ ಹಾಕುವ ರೀತಿ

ಕಂಡ ದೋಷಗಳನ್ನು ಬಿಡಿಭಾಗದ ಬೆಲೆಯಿಂದ ಅಳೆಯಬೇಡಿ, ಬಿಚ್ಚುವ ಕೆಲಸದಿಂದ ಅಳೆಯಿರಿ. ಜಾಗ್ವಾರಿನ ಡಿಫರೆನ್ಷಿಯಲ್ ಸೀಲ್ ಸಣ್ಣ ರಬ್ಬರ್ ಉಂಗುರ, ಹಾಕಲು ಇಡೀ ಹಿಂಬದಿ ಇಳಿಯಬೇಕು. ಮರ್ಸಿಡಿಸ್ ರೇಡಿಯೇಟರ್ ದೊಡ್ಡ ಸಾಮಾನು, ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಅದರ ಮೇಲಿನ ಪ್ಲಾಸ್ಟಿಕ್ ಕತ್ತು ಒಡೆಯುವ ಮೊದಲೇ ಬದಲಿಸಿಬಿಡುವುದು ಒಳ್ಳೆಯದು ಕೂಡ. ಎರಡು ಕಾರಿಗೂ ಒಂದೊಂದು ಹಾಳೆಯಲ್ಲಿ, ಓಡಿಸುವ ಮೊದಲೇ ಆಗಬೇಕಾದ್ದು, ವರ್ಷದೊಳಗೆ ಆಗಬೇಕಾದ್ದು ಎಂದು ಎರಡೇ ಗುಂಪು ಮಾಡಿ. ಕಿತ್ತ ದಾರ, ಮಾಸಿದ ಮರ, ಜೋತುಬಿದ್ದ ಒಳಚಾವಣಿ ಬಟ್ಟೆ ಈ ಹಾಳೆಗೆ ಬರುವುದೇ ಬೇಡ.

ಜಾಗ್ವಾರಿನ ಹಾಳೆಯಲ್ಲಿ ವೆಲ್ಡಿಂಗ್ ಇಲ್ಲದೆ ಬರೀ ಇಂಜಿನ್ ಕೆಲಸಗಳಿದ್ದರೆ, ಕಾರು ಓಡದ ಸ್ಥಿತಿಯಲ್ಲಿದ್ದರೂ ಅದು ಒಳ್ಳೆಯ ಖರೀದಿ. ಎಕ್ಸ್‌ಕೆ ಇಂಜಿನ್ನಿನ ಬಿಡಿಭಾಗಗಳು ಬ್ರಿಟನ್ನಿನಲ್ಲಿ ಇಂದಿಗೂ ಧಾರಾಳವಾಗಿ ಸಿಗುತ್ತವೆ. 2008ರಲ್ಲಿ ಟಾಟಾ ಮೋಟರ್ಸ್ ಜಾಗ್ವಾರ್ ಕೊಂಡಿತು ಎಂದು ಇಲ್ಲಿನ ಶೋರೂಮಿನಲ್ಲಿ 1985ರ ಕಾರಿನ ಪಾರ್ಟ್ ಸಿಗುತ್ತದೆಂದು ಮಾತ್ರ ನಂಬಬೇಡಿ. ನಿತ್ಯ ಓಡಿಸಬೇಕು, ಹತ್ತಿರದಲ್ಲಿ ಹಳೆ ಜಾಗ್ವಾರ್ ಬಲ್ಲ ಮೆಕ್ಯಾನಿಕ್ ಇಲ್ಲ ಅನ್ನುವವರಿಗೆ 300 ಎಸ್‌ಇ ಬಿಟ್ಟು ಬೇರೆ ಮಾತೇ ಇಲ್ಲ. ವಾರಕ್ಕೊಮ್ಮೆ ತೆಗೆಯುವವರಿಗೆ, ಗುಂಡಿಯ ಮೇಲೆ ಹಾದರೂ ಕಾಫಿ ತುಳುಕದ ಸವಾರಿ ಬೇಕೆನ್ನುವವರಿಗೆ ಎಕ್ಸ್‌ಜೆ6ನಂಥದ್ದು ಇನ್ನೊಂದಿಲ್ಲ.

ಮನೆಗೆ ತಂದ ಮೇಲೆ

ಕೂಲೆಂಟ್ ಪೂರ್ತಿ ಇಳಿಸಿ ಅರ್ಧ ಆಂಟಿಫ್ರೀಜ್, ಅರ್ಧ ಡಿಸ್ಟಿಲ್ಡ್ ನೀರು ಹಾಕಿ. ನಮ್ಮಲ್ಲಿ ಚಳಿಯಿಲ್ಲ ಎಂದು ಬರೀ ನೀರು ಹಾಕಬೇಡಿ, ಅದು ತುಕ್ಕು ತಡೆಯಲು ಬೇಕು. ಬ್ರೇಕ್ ಆಯಿಲ್, ಫ್ಯುಯೆಲ್ ಫಿಲ್ಟರ್ ಹೊಸದು. ಇಂಜಿನ್ ಆಯಿಲ್ ಜಾಗ್ವಾರಿಗೆ 20ಡಬ್ಲ್ಯು-50, ಸುಮಾರು 8 ಲೀಟರ್. 300 ಎಸ್‌ಇಗೆ ಸುಮಾರು 6 ಲೀಟರ್. ಮರ್ಸಿಡಿಸ್ ಗೇರ್‌ಬಾಕ್ಸ್ ಆಯಿಲ್ ಇಳಿಸುವಾಗ ಪ್ಯಾನ್ ಜೊತೆ ಟಾರ್ಕ್ ಕನ್ವರ್ಟರಿನ ಡ್ರೈನ್ ಪ್ಲಗ್ ಕೂಡ ಬಿಚ್ಚಿ, ಇಲ್ಲದಿದ್ದರೆ ಹಳೆ ಆಯಿಲ್ ಒಳಗೇ ಉಳಿಯುತ್ತದೆ. ಟೈರ್ ಮೇಲೆ ಎಷ್ಟೇ ಗೀರು ಉಳಿದಿರಲಿ, ಬದಿಯಲ್ಲಿ ಅಚ್ಚಾದ ತಯಾರಿಕೆಯ ವಾರ-ವರ್ಷ ನೋಡಿ ಹತ್ತು ವರ್ಷ ದಾಟಿದ್ದರೆ ಬಿಸಾಡಿ. ಚಕ್ರ ಅದಲು ಬದಲು ಆಗುವುದಿಲ್ಲ: ಮರ್ಸಿಡಿಸಿನ ಬೋಲ್ಟ್ ವೃತ್ತ 112 ಮಿ.ಮೀ., ಜಾಗ್ವಾರಿನದು 120.65. ಜಾಗ್ವಾರಿಗೆ 120ರ ಚಕ್ರ ಬಲವಂತವಾಗಿ ಹಾಕಿದವರಿದ್ದಾರೆ, ಹಾಗೆ ಹಾಕಿದ ಚಕ್ರ ಸರಿಯಾಗಿ ಕೂರುವುದಿಲ್ಲ.

ಪೆಟ್ರೋಲ್ ಕೊಳವೆಗಳ ವಿಷಯದಲ್ಲಿ ಉಳಿತಾಯ ಬೇಡ. ಭಾರತದ ಪಂಪುಗಳಲ್ಲಿ ಈಗ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್, ಬ್ರಿಟನ್ನಿನಲ್ಲಿ 2021ರಿಂದ ಸಾಧಾರಣ ಪೆಟ್ರೋಲಿನಲ್ಲಿ 10 ಶೇಕಡಾ. ಅಲ್ಲಿನವರು ಸೂಪರ್ ಪಂಪಿನ ಇ5 ಹಾಕಿಸಿಕೊಳ್ಳಬಹುದು. 1980ರ ದಶಕದ ರಬ್ಬರ್ ಎಥೆನಾಲಿಗೆ ಮೆತ್ತಗಾಗಿ ಸೀಳುತ್ತದೆ. ಎರಡೂ ಕಾರಿಗೆ ಇಂಜೆಕ್ಷನ್ ಒತ್ತಡ ತಾಳುವ, ಆರ್9 ಗುರುತಿನ ಹೊಸ ಕೊಳವೆ ಹಾಕಿಸಿ. ಜಾಗ್ವಾರಿನಲ್ಲಿ ಪ್ರತಿ ಇಂಜೆಕ್ಟರಿನ ನೆತ್ತಿಯ ಮೇಲೂ ಬೆರಳುದ್ದದ ಒಂದು ರಬ್ಬರ್ ತುಂಡಿದೆ, ಕೊಳವೆ ಬದಲಿಸುವವರು ಸಾಮಾನ್ಯವಾಗಿ ಇವನ್ನೇ ಮರೆಯುತ್ತಾರೆ. ಬಿಸಿ ಇಂಜಿನ್ನಿನ ಮೇಲೆ ಅಲ್ಲಿಂದ ಪೆಟ್ರೋಲ್ ಚಿಮ್ಮಿ ಸುಟ್ಟುಹೋದ ಎಕ್ಸ್‌ಜೆಗಳಿವೆ. ಆರೂ ಬದಲಾಗುವವರೆಗೆ ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯಬೇಡಿ. ತೆಗೆದ ಮೇಲೂ ಒಂದು ಕಿಲೋದ ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಡಿಕ್ಕಿಯಲ್ಲಲ್ಲ, ಡ್ರೈವರ್ ಕೈಗೆ ಸಿಗುವಂತೆ ಮುಂದಿನ ಸೀಟಿನ ಬುಡದಲ್ಲಿರಲಿ.